ಸಿಲಿಂಡರ್ ಮೇಲೆ 1843 ಅಂತಿದೆ, ಇದು ಯಾವ ಕೋಲ್ಟ್?

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲೊಂದು ಹಳೆ ಮನೆಯ ಸಾಮಾನು ಹರಾಜಿನಲ್ಲಿ ಕೋಲ್ಟ್ ರಿವಾಲ್ವರ್ ಕೊಂಡೆ. ಚೀಟಿಯಲ್ಲಿ ‘ಕೋಲ್ಟ್ ಮಾಡೆಲ್ 1843’ ಅಂತಿತ್ತು. ಗುಂಡು ತುಂಬುವ ಸಿಲಿಂಡರ್ ಸುತ್ತ ಹಡಗುಗಳ ಚಿತ್ರ, ಜೊತೆಗೆ 1843ರ ಮೇ 16ರ ತಾರೀಖು. ಆರು ಗುಂಡಿನದು. ಬ್ಯಾರೆಲ್ ಎಂಟು ಪಟ್ಟಿಯದು, ಏಳೂವರೆ ಇಂಚು. ಎಷ್ಟು ಹುಡುಕಿದರೂ ಈ ಮಾಡೆಲ್ ಸಿಗ್ತಿಲ್ಲ.

ಉತ್ತರ: ಹೇಗೆ ಸಿಗುತ್ತೆ, ಆ ಮಾಡೆಲ್ಲೇ ಇಲ್ಲ! ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿದ್ದ ಕೋಲ್ಟ್‌ನ ಮೊದಲ ಕಾರ್ಖಾನೆ 1842ಕ್ಕೇ ಬಾಗಿಲು ಹಾಕಿತ್ತು. ನೀವು ನೋಡಿದ್ದು ಕಾಂಪೆಚೆ ಕದನದ ತಾರೀಖು. ಅವತ್ತು, ಆಗಿನ್ನೂ ಬೇರೆ ದೇಶವಾಗಿದ್ದ ನಿಮ್ಮ ಟೆಕ್ಸಾಸ್‌ನ ನೌಕಾಪಡೆ ಮೆಕ್ಸಿಕೋ ಹಡಗುಗಳ ಮೇಲೆ ಕಾದಾಡಿತ್ತು. ಟೆಕ್ಸಾಸ್ ನೌಕಾಪಡೆ ಕೋಲ್ಟ್‌ನ ಹಳೇ ಗಿರಾಕಿ, ಅದಕ್ಕೇ ಈ ಚಿತ್ರ.

ನಿಮ್ಮದು ‘1851 ನೇವಿ’ ಅನ್ನೋ ಮಾಡೆಲ್ ಇರಬೇಕು. ಇದೇ ಚಿತ್ರ 1860 ಆರ್ಮಿ, 1861 ನೇವಿ ಮೇಲೂ ಇದೆ. ಆದರೆ ಅವೆರಡರ ಬ್ಯಾರೆಲ್ ದುಂಡಗೆ. ಬ್ಯಾರೆಲ್ ಬಾಯಿ ಅಳೆದು ನೋಡಿ, .36 ಇಂಚು ಬರಬೇಕು. ಸೀರಿಯಲ್ ನಂಬರ್ ಎಷ್ಟು? ಬ್ಯಾರೆಲ್ ಮೇಲೆ ಏನು ಬರೆದಿದೆ? ಇಟಲಿಯ ಈಚಿನ ನಕಲುಗಳ ಮೇಲೂ ಇದೇ ಹಡಗು ಇರುತ್ತೆ, ಹಾಗಾಗಿ ನಕಲುಗಳ ಮೇಲಿರುವ ‘ಬ್ಲ್ಯಾಕ್ ಪೌಡರ್ ಓನ್ಲಿ’ (ಕಪ್ಪು ಮದ್ದು ಮಾತ್ರ) ಅನ್ನೋ ಬರಹ ಎಲ್ಲಾದರೂ ಕಂಡರೆ ಆಸೆ ಬಿಡಿ.

ಇದೆಲ್ಲಕ್ಕಿಂತ ಮೊದಲು ಒಂದು ಕೆಲಸ. ಇದಕ್ಕೆ ತೋಟಾ ಇಲ್ಲ, ಸಿಲಿಂಡರಿನ ಮುಂದಿನಿಂದ ಮದ್ದು, ಸೀಸದ ಗುಂಡು ತುಂಬಿ ಜಡಿಯುತ್ತಿದ್ದರು. ನೂರೈವತ್ತು ವರ್ಷದ ಮದ್ದೂ ಹೊತ್ತಿಕೊಳ್ಳಬಹುದು. ಆರೂ ಮನೆ ಖಾಲಿ ಇವೆಯಾ ಅಂತ ಬಂದೂಕು ರಿಪೇರಿಯವರ ಹತ್ತಿರ ನೋಡಿಸಿ. ಅಲ್ಲಿವರೆಗೆ ಕುದುರೆ ಎಳೆಯಬೇಡಿ.

ಪ್ರಶ್ನೆ: ನೋಡಿಸಿದೆ ಸರ್, ಖಾಲಿ ಇದೆ. ಬಾಯಿ .36. ನಂಬರ್ 1,22,000ದ ಆಸುಪಾಸು. ಬ್ಯಾರೆಲ್, ಫ್ರೇಮ್, ಟ್ರಿಗರ್ ಗಾರ್ಡ್ ಮೂರರ ಮೇಲೂ ಒಂದೇ, ಸಿಲಿಂಡರ್ ಮೇಲೆ ಮಾತ್ರ ಬೇರೆ. ಬ್ಯಾರೆಲ್ ಮೇಲೆ ಕರ್ನಲ್ ಕೋಲ್ಟ್ ಹೆಸರು, ನ್ಯೂಯಾರ್ಕ್ ವಿಳಾಸ. ನ್ಯೂಯಾರ್ಕ್‌ನಲ್ಲೇ ಮಾಡಿದ್ದಾ? ಹಿತ್ತಾಳೆ ಕಪ್ಪಾಗಿದೆ, ಪಾಲಿಶ್ ಮಾಡಿಸಲಾ?

ಉತ್ತರ: ಅಯ್ಯೋ, ಪಾಲಿಶ್ ಬೇಡ! ಆ ಕಪ್ಪಿಗೇ ಬೆಲೆ ಅಲ್ವಾ. ವಿಳಾಸ ಹೆಸರಿಗಷ್ಟೇ, ಮಾಡಿದ್ದು ಕನೆಕ್ಟಿಕಟ್‌ನ ಹಾರ್ಟ್‌ಫೋರ್ಡ್‌ನಲ್ಲಿ. ಆ ನಂಬರು 1862ಕ್ಕೆ ಬರುತ್ತೆ, ಕಂಪನಿ ಕಟ್ಟಿದ ಕರ್ನಲ್ ಕೋಲ್ಟ್ ತೀರಿಕೊಂಡ ವರ್ಷ. ನಂಬರಿಗೆ ವಿಳಾಸವೂ ಹೊಂದುತ್ತೆ. ಹಾಗಾಗಿ ಚೀಟಿಯಲ್ಲಿ ‘ಕೋಲ್ಟ್ 1851 ನೇವಿ, 1862ರ ತಯಾರಿ, ಸಿಲಿಂಡರ್ ಬದಲಾಗಿದೆ’ ಅಂತ ಬರೆದಿಡಿ. ಕೊನೆಯ ಮಾತನ್ನು ಮುಚ್ಚಿಡಬೇಡಿ. ಬೆಲೆ ಅದರಿಂದ ಚೆನ್ನಾಗೇ ಇಳಿಯುತ್ತೆ ನಿಜ, ಆದರೆ ಕೊಳ್ಳುವವರು ಮೊದಲು ನೋಡುವುದೇ ನಂಬರು.