ಸಹಾಯ ಬೇಕು: 24 ಪೋರ್ಟ್ ಡಿಸ್ಲ್ಯಾಮ್‌ನಲ್ಲಿ ಸಿಂಕ್ ಇದೆ, ಐಪಿ ಇಲ್ಲ

ತೋಟದ ಲೈನ್‌ಮನೆಗಳಿಗೆ ಹಳೇ ಇಂಟರ್‌ಕಾಮ್ ತಂತಿಯಲ್ಲೇ ನೆಟ್ ಕೊಡೋಣ ಅಂತ ಸೆಕೆಂಡ್‌ಹ್ಯಾಂಡ್ ಐಪಿ ಡಿಸ್ಲ್ಯಾಮ್ (ಒಂದೇ ಪೆಟ್ಟಿಗೆಯಿಂದ ಹಲವು ಫೋನ್ ತಂತಿಗಳಿಗೆ ಡಿಎಸ್‌ಎಲ್ ನೆಟ್ ಕೊಡುವ ಸಾಧನ) ತಂದಿದ್ದೇವೆ. ಫೈಬರ್ ಎಳೆಯಿರಿ ಅನ್ನಬೇಡಿ, ಈ ಮಳೆಯಲ್ಲಿ ನೆಲ ಅಗೆಯೋಕಾಗಲ್ಲ.

ಕನ್ಸೋಲ್‌ಗೆ 9600 ಬಾಡ್‌ನಲ್ಲಿ ಲಾಗಿನ್ ಆಗುತ್ತದೆ. ಎಡಿಎಸ್‌ಎಲ್2 ಪ್ಲಸ್ ಪ್ರೊಫೈಲ್ ಹಾಕಿದ್ದೇನೆ. ಹತ್ತಿರದ ಮನೆಯ ಮೋಡೆಮ್‌ನಲ್ಲಿ ಡಿಎಸ್‌ಎಲ್ ದೀಪ ಮಿನುಗದೆ ಉರಿಯುತ್ತದೆ, ಅಂದರೆ ಡಿಸ್ಲ್ಯಾಮ್ ಜೊತೆ ಸಿಂಕ್ ಆಗಿದೆ, ಆದರೆ ಐಪಿ ಮಾತ್ರ ಬರುವುದಿಲ್ಲ. ಲ್ಯಾಪ್‌ಟಾಪನ್ನು ನೇರ ರೂಟರಿಗೆ ಹಾಕಿದರೆ ಬರುತ್ತದೆ, ಹಾಗಾಗಿ ರೂಟರಿನಲ್ಲಿ ಐಪಿ ಹಂಚುವ ಡಿಎಚ್‌ಸಿಪಿ ಸರಿಯಿದೆ ಅಲ್ವಾ? ಮೋಡೆಮ್‌ನಲ್ಲಿ ವಿಪಿಐ 0, ವಿಸಿಐ 35, ಬ್ರಿಡ್ಜ್ ಮೋಡ್, ಎಲ್‌ಎಲ್‌ಸಿ. ಡಿಸ್ಲ್ಯಾಮ್ ಪೋರ್ಟಿನಲ್ಲೂ ಅದೇ ಪಿವಿಸಿ (ವಿಪಿಐ/ವಿಸಿಐ ಜೋಡಿ). ನನಗೆ ವಿಎಲ್ಯಾನ್ (ಒಂದೇ ನೆಟ್‌ವರ್ಕನ್ನು ಟ್ಯಾಗ್ ಹಾಕಿ ಬೇರೆ ಬೇರೆ ಭಾಗ ಮಾಡುವುದು) ಮೇಲೆ ಅನುಮಾನ. ರೂಟರ್ ಕಡೆಗಿನ ಅಪ್‌ಲಿಂಕ್ ಪೋರ್ಟ್ ಟ್ಯಾಗ್ ಹಾಕಿ ಕಳಿಸುತ್ತಿದೆಯಾ? ಅದನ್ನು ಅನ್‌ಟ್ಯಾಗ್ ಮಾಡಿದರೆ ಮ್ಯಾನೇಜ್‌ಮೆಂಟ್ ಐಪಿಯೂ ಕೈತಪ್ಪುತ್ತದಾ?

ಇನ್ನೊಂದು ವಿಷಯ. ಸುಮಾರು 2 ಕಿಲೋಮೀಟರ್ ದೂರದ ಲೈನ್‌ನ ಸಂಪರ್ಕ ಮಳೆ ಜಾಸ್ತಿಯಾದಾಗ ಕಡಿದುಹೋಗುತ್ತದೆ. ಎಸ್‌ಎನ್‌ಆರ್ ಮಾರ್ಜಿನ್ (ತಂತಿಯ ಗದ್ದಲ ತಡೆದುಕೊಳ್ಳಲು ಇಡುವ ಅಂತರ) 6 ಡಿಬಿಯಿಂದ 9ಕ್ಕೆ ಏರಿಸಿದರೆ ಸಾಕಾ, ಅಥವಾ ಕಂಬದ ಜಾಯಿಂಟ್ ಬಿಚ್ಚಿ ನೋಡಲೇಬೇಕಾ?