ದಿನ ತುಂಬದ ಮಗುವಿನ ಮಿದುಳಿನ ಸ್ಕ್ಯಾನಿಂಗ್: ವರದಿಯಲ್ಲಿರುವ ಖಾಲಿ ಜಾಗ ಸಹಜವೇ?

ಪ್ರಶ್ನೆ (ಮಗುವಿನ ತಂದೆ):
ನಮ್ಮ ಮಗಳು 29 ವಾರಕ್ಕೇ ಹುಟ್ಟಿದಳು. ಏಳನೆಯ ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ನೆತ್ತಿಯ ಮೇಲೆ ಜೆಲ್ ಹಚ್ಚಿ ತಲೆಯ ಅಲ್ಟ್ರಾಸೌಂಡ್ ಮಾಡಿದರು. ರಕ್ತಸ್ರಾವವಿಲ್ಲ ಎಂದು ವರದಿಯಲ್ಲಿದೆ. ಆದರೆ ‘ಕೇವಮ್ ಸೆಪ್ಟಮ್ ಪೆಲ್ಯೂಸಿಡಮ್ ಕಾಣುತ್ತದೆ’, ‘ಎಡ ಲ್ಯಾಟರಲ್ ವೆಂಟ್ರಿಕಲ್ ಬಲಗಡೆಯದಕ್ಕಿಂತ ತುಸು ದೊಡ್ಡದು’ ಎಂಬ ಎರಡು ಸಾಲುಗಳನ್ನು ಓದಿದಂದಿನಿಂದ ನಮ್ಮಿಬ್ಬರಿಗೂ ನಿದ್ದೆಯಿಲ್ಲ. ಎಲ್ಲವೂ ಸರಿಯಿದ್ದರೆ ನಾಲ್ಕು ವಾರ ತುಂಬಿದ ಮೇಲೆ ಮತ್ತೊಮ್ಮೆ ಸ್ಕ್ಯಾನಿಂಗ್ ಏಕೆ? ಎಣ್ಣೆ ಹಾಕುವಾಗಲೂ ಒತ್ತಬಾರದ ನೆತ್ತಿಯ ಮೇಲೆ ಯಂತ್ರ ಇಟ್ಟರಲ್ಲ ಎಂದು ನಮ್ಮ ಅತ್ತೆಯವರು ಬಹಳ ನೊಂದುಕೊಂಡಿದ್ದಾರೆ.

ಉತ್ತರ 1 (ರೇಡಿಯಾಲಜಿ ವೈದ್ಯೆ):
ನೀವು ಬರೆದಿರುವ ಎರಡು ಸಾಲುಗಳೂ ಸಹಜ ರಚನೆಯ ವಿವರಣೆಯೇ ಹೊರತು ದೋಷದ ಪಟ್ಟಿಯಲ್ಲ. ಮಿದುಳಿನ ಎರಡು ಪಾರ್ಶ್ವಗಳಲ್ಲಿರುವ, ದ್ರವ ತುಂಬಿದ ಕೋಣೆಗಳಾದ ವೆಂಟ್ರಿಕಲ್‌ಗಳ ಮುಂಭಾಗದ ನಡುವೆ ಎರಡು ತೆಳು ಪೊರೆಗಳಿದ್ದು, ಅವುಗಳ ನಡುವಿನ, ದ್ರವ ತುಂಬಿದ ಜಾಗಕ್ಕೆ ಕೇವಮ್ ಎನ್ನುತ್ತಾರೆ. ದಿನ ತುಂಬದ ಮಕ್ಕಳಲ್ಲಿ ಅದು ಕಾಣಲೇಬೇಕು. ಕಾಣದಿದ್ದರೆ ನಾವು ಚಿಂತಿಸುತ್ತೇವೆ. ದಿನ ತುಂಬಿ ಹುಟ್ಟಿದ ಹೆಚ್ಚಿನ ಮಕ್ಕಳಲ್ಲಿ ಮೊದಲ ಆರು ತಿಂಗಳೊಳಗೆ ಪೊರೆಗಳು ಕೂಡಿಕೊಳ್ಳುತ್ತವೆ. ಕೆಲವರಲ್ಲಿ ದೊಡ್ಡವರಾದ ಮೇಲೂ ಅದು ಉಳಿಯುತ್ತದೆ, ತೊಂದರೆ ಕೊಡುವುದಿಲ್ಲ. ವೆಂಟ್ರಿಕಲ್‌ಗಳಲ್ಲಿ ಅಲ್ಪ ಅಂತರವಿರುವುದೂ, ಎಡಗಡೆಯದು ದೊಡ್ಡದಿರುವುದೂ ಸಾಮಾನ್ಯ.

ನಾನು ಇಂಥ ಮಗುವಿನಲ್ಲಿ ಮೊದಲು ಹುಡುಕುವುದು ಒಂದು ಸಣ್ಣ ಗೆರೆಯನ್ನು. ಪ್ರೋಬನ್ನು (ತಲೆಯ ಮೇಲೆ ಇಡುವ ಸ್ಕ್ಯಾನಿಂಗ್ ಸಾಧನ) ಉದ್ದಕ್ಕೆ ಹಿಡಿದು ಪಕ್ಕಕ್ಕೆ ತುಸು ವಾಲಿಸಿದರೆ ಮಿದುಳಿನ ಆಳದ ಎರಡು ಭಾಗಗಳಾದ ಕಾಡೇಟ್ ಮುಂದೆ, ಥಲಮಸ್ ಹಿಂದೆ, ಅವೆರಡರ ನಡುವೆ ಕಾಡೋಥಲಾಮಿಕ್ ಗ್ರೂವ್ ಎಂಬ ತೆಳು ಬಿಳಿ ಗೆರೆ ಕಾಣುತ್ತದೆ. ವೆಂಟ್ರಿಕಲ್‌ಗಳ ದ್ರವವನ್ನು ಉತ್ಪಾದಿಸುವ ಕೋರಾಯ್ಡ್ ಪ್ಲೆಕ್ಸಸ್ ಬಿಳಿಯಾಗಿ ಹೊಳೆಯುತ್ತದೆ. ಅದು ಮುಂದೆ ಸಾಗುತ್ತ ಸಣ್ಣದಾಗಿ ಈ ಗೆರೆಯ ಬಳಿ ಮುಗಿಯುತ್ತದೆ. ಗೆರೆಗಿಂತ ಮುಂದೆ ಬಿಳಿ ಉಬ್ಬು ಕಂಡರೆ ರಕ್ತಸ್ರಾವವೆಂದು ಶಂಕಿಸುತ್ತೇವೆ, ಏಕೆಂದರೆ ಅಲ್ಲಿಯ ಜರ್ಮಿನಲ್ ಮ್ಯಾಟ್ರಿಕ್ಸ್‌ನ (ಮಿದುಳಿನ ಹೊಸ ಕೋಶಗಳು ಹುಟ್ಟುವ ಪದರ) ರಕ್ತನಾಳಗಳು ಬಲು ನಾಜೂಕು. ನಿಮ್ಮ ಮಗಳ ವರದಿಯಲ್ಲಿ ರಕ್ತಸ್ರಾವವಿಲ್ಲ ಎಂಬ ಮಾತಿನ ತೂಕ ಇಲ್ಲಿದೆ. ಇನ್ನೊಂದು ಮಾತು: 29 ವಾರದ ಮಿದುಳಿನ ಮೇಲ್ಮೈ ದಿನ ತುಂಬಿದ ಮಗುವಿನದಕ್ಕಿಂತ ನುಣುಪಾಗಿರುತ್ತದೆ. ಮಡಿಕೆಗಳು ಕಡಿಮೆ ಎಂದು ಯಾರಾದರೂ ಹೇಳಿದರೆ ಗಾಬರಿಯಾಗಬೇಡಿ.

ಉತ್ತರ 2 (ಎನ್‌ಐಸಿಯು ಶುಶ್ರೂಷಕಿ):
ಅತ್ತೆಯವರಿಗೆ ದಯವಿಟ್ಟು ತಿಳಿಸಿ: ಪ್ರೋಬನ್ನು ಹಗುರವಾಗಿ ತಾಗಿಸಿ ಹಿಡಿಯುತ್ತಾರೆ, ಒತ್ತುವುದಿಲ್ಲ. ಮೂಳೆ ಧ್ವನಿತರಂಗಗಳನ್ನು ತಡೆಯುತ್ತದೆ. ಮೂಳೆಯಿನ್ನೂ ಕೂಡದ ನೆತ್ತಿಯೇ ಒಳಗೆ ನೋಡಲು ಸಿಗುವ ಕಿಟಕಿ. ಇದರಲ್ಲಿ ಎಕ್ಸ್-ರೇ ವಿಕಿರಣವಿಲ್ಲ, ಮಗುವನ್ನು ಬೆಚ್ಚಗಿಡುವ ವಾರ್ಮರ್‌ನಿಂದ ಎತ್ತಬೇಕಾಗಿಯೂ ಇಲ್ಲ. ಜೆಲ್ ತಣ್ಣಗಿದ್ದರೆ ಇಷ್ಟು ಸಣ್ಣ ಮಕ್ಕಳು ಬೆಚ್ಚಿಬೀಳುತ್ತಾರೆ, ಹಾಗಾಗಿ ನಾವು ಬೆಚ್ಚಗೆ ಮಾಡಿ ಹಚ್ಚುತ್ತೇವೆ. ಮುಗಿದ ಮೇಲೆ ಒರೆಸಿ ಟೋಪಿ ಹಾಕುತ್ತೇವೆ.

ಉತ್ತರ 3 (ಮಕ್ಕಳ ವೈದ್ಯರು):
ಮರುಪರೀಕ್ಷೆಯ ಬಗ್ಗೆ ಬರೆಯುತ್ತೇನೆ. ರಕ್ತಸ್ರಾವ ಆಗುವುದಿದ್ದರೆ ಹೆಚ್ಚಾಗಿ ಮೊದಲ ವಾರದಲ್ಲೇ ಆಗುತ್ತದೆ, ಆದ್ದರಿಂದ ಮೊದಲ ಸ್ಕ್ಯಾನಿಂಗ್ ಅದನ್ನು ನೋಡುತ್ತದೆ. ಆದರೆ ವೆಂಟ್ರಿಕಲ್‌ಗಳ ಸುತ್ತಲಿನ ಬಿಳಿ ದ್ರವ್ಯಕ್ಕೆ (ಮಿದುಳಿನ ನರತಂತುಗಳಿರುವ ಭಾಗ) ರಕ್ತ ಅಥವಾ ಆಮ್ಲಜನಕ ಸಾಲದೆ ಹಾನಿಯಾಗಿದ್ದರೆ, ಅದು ಸಣ್ಣ ಗುಳ್ಳೆಗಳ ರೂಪದಲ್ಲಿ ಕಾಣಲು ಕೆಲವು ವಾರಗಳು ಬೇಕು. ಆರಂಭದಲ್ಲಿ ಸಹಜವಾಗಿದ್ದ ಚಿತ್ರ ಆ ಸಾಧ್ಯತೆಯನ್ನು ತಳ್ಳಿಹಾಕುವುದಿಲ್ಲ. ಹಾಗಾಗಿ ಎರಡನೆಯ ಸ್ಕ್ಯಾನಿಂಗನ್ನು ತಪ್ಪಿಸಬೇಡಿ. ಅಷ್ಟರಲ್ಲಿ ಮಗು ಮನೆಗೆ ಬಂದಿದ್ದರೂ, ಮೊದಲ ವರದಿಯನ್ನೂ ಚಿತ್ರಗಳನ್ನೂ ಜೊತೆಗೆ ಒಯ್ಯಿರಿ. ಹೋಲಿಸಿ ನೋಡುವವರಿಗೆ ಅವು ಬೇಕಾಗುತ್ತವೆ.