ಸುಖಾಂತ್ಯದ ಪ್ರಣಯ ಕಾದಂಬರಿಯಲ್ಲಿ ಗೆಳತಿಯ ಪಾಲು ಎಷ್ಟು?

ಸಂಜೆಮಲ್ಲಿಗೆ:
ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಕಳೆದ ತಿಂಗಳು ಪ್ರತಿಯೊಬ್ಬರೂ ತಾವು ಈಚೆಗೆ ಓದಿ ಸಂತೋಷಪಟ್ಟ ಒಂದು ಪುಸ್ತಕದ ಬಗ್ಗೆ ಮಾತನಾಡಬೇಕಾಗಿತ್ತು. ನಾನು ಆರಿಸಿಕೊಂಡದ್ದು ಒಂದು ಪ್ರಣಯ ಕಾದಂಬರಿಯನ್ನು. ನಲವತ್ತು ದಾಟಿದ ಹೆಂಗಸೊಬ್ಬಳು ವಿಚ್ಛೇದನದ ನಂತರ ಸಮುದ್ರದಂಚಿನ ಸಣ್ಣ ಊರಿಗೆ ಬರುತ್ತಾಳೆ, ಅಲ್ಲಿ ಇಬ್ಬರು ಗೆಳತಿಯರಾಗುತ್ತಾರೆ, ಅವರ ನೆರವಿನಿಂದ ಒಂದು ಬೇಕರಿ ತೆರೆಯುತ್ತಾಳೆ, ನಿಧಾನವಾಗಿ ಒಬ್ಬನನ್ನು ಪ್ರೀತಿಸಲು ಧೈರ್ಯ ತಂದುಕೊಳ್ಳುತ್ತಾಳೆ. ನಾನು ಮಾತು ಮುಗಿಸಿದಾಗ ಹಿರಿಯರೊಬ್ಬರು, ಕೊನೆ ಏನೆಂದು ಮೊದಲೇ ಗೊತ್ತಿರುವ ಇಂಥ ಪುಸ್ತಕವನ್ನು ಈ ವಯಸ್ಸಿನಲ್ಲಿ ಏಕೆ ಓದುತ್ತೀರಿ ಎಂದು ಕೇಳಿದರು. ಅವರು ಅವಮಾನಿಸುವ ಉದ್ದೇಶದಿಂದ ಕೇಳಲಿಲ್ಲ, ಆದರೂ ಆ ಹೊತ್ತಿಗೆ ನನಗೆ ಉತ್ತರ ಹೊಳೆಯಲಿಲ್ಲ.

ಈಗ ಯೋಚಿಸಿದಾಗ ನನಗೆ ಅನ್ನಿಸುವುದು ಇಷ್ಟು. ಆ ಕಾದಂಬರಿಯ ನಾಯಕ ನನಗೆ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಆ ಇಬ್ಬರು ಗೆಳತಿಯರು. ಹೊಸದಾಗಿ ಬದುಕು ಕಟ್ಟಿಕೊಳ್ಳಬೇಕಾದವಳ ಪಕ್ಕದಲ್ಲಿ ಯಾರಾದರೂ ನಿಂತುಕೊಳ್ಳುವುದನ್ನು ನೋಡಲು ನಾನು ಓದುತ್ತೇನೆ. ಇದು ದುರ್ಬಲವಾದ ಕಾರಣವೇ? ತಮ್ಮೆಲ್ಲರ ಅಭಿಪ್ರಾಯವನ್ನು ಕೇಳಬಯಸುತ್ತೇನೆ.

ಹಳೆಪುಸ್ತಕ:
ಕಾರಣ ದುರ್ಬಲವಲ್ಲ. ಆದರೆ ಆ ಪುಸ್ತಕಗಳು ನಿಮ್ಮ ಕಾರಣಕ್ಕೆ ತಕ್ಕಷ್ಟು ಗಟ್ಟಿಯಾಗಿಲ್ಲ ಎಂಬುದು ನನ್ನ ತಕರಾರು. ಹೊಸ ಊರಿಗೆ ಬಂದವಳಿಗೆ ಬಹುತೇಕ ಯಾವಾಗಲೂ ದೂರದ ಸಂಬಂಧಿಯೊಬ್ಬರು ಬಿಟ್ಟುಹೋದ ಮನೆ ಕಾದಿರುತ್ತದೆ. ಮನೆಬಾಡಿಗೆಯ ಮುಂಗಡ, ಮಕ್ಕಳ ಶಾಲೆಯ ವರ್ಗಾವಣೆ ಪತ್ರ, ಜೀವನಾಂಶದ ಮೊಕದ್ದಮೆಯ ವಾಯಿದೆಗಳು, ಇವೆಲ್ಲ ಮೊದಲ ಅಧ್ಯಾಯಕ್ಕೂ ಮುಂಚೆಯೇ ತೀರಿರುತ್ತವೆ. ಮನಶ್ಶಾಸ್ತ್ರವನ್ನು ಓದಿದ್ದ ತ್ರಿವೇಣಿಯವರು ‘ಶರಪಂಜರ’ದಲ್ಲಿ ಹೊಸ ಆರಂಭದ ಪ್ರಶ್ನೆಯನ್ನೇ ಎತ್ತಿಕೊಂಡರು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಸಿಕ್ಕ ಕಾವೇರಿ ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ, ಆದರೆ ಗಂಡನಾಗಲಿ ನೆರೆಹೊರೆಯಾಗಲಿ ಅವಳು ಗುಣವಾಗಿದ್ದಾಳೆಂದು ನಂಬಲು ಸಿದ್ಧರಿರುವುದಿಲ್ಲ. ಆ ಅಪನಂಬಿಕೆಯೇ ಅವಳನ್ನು ಮತ್ತೆ ಮುರಿಯುತ್ತದೆ. ಆ ಪುಸ್ತಕವನ್ನು ಓದಿದವರು ಕಾಯಿಲೆಯಿಂದ ಎದ್ದುಬಂದ ನೆಂಟರ ಮುಂದೆ ಆಡುವ ಮಾತಿನ ಬಗ್ಗೆ ಎಚ್ಚರ ವಹಿಸುತ್ತಾರೆ. ಬೇಕರಿಯ ಕಾದಂಬರಿ ನಮ್ಮಿಂದ ಯಾವ ಎಚ್ಚರವನ್ನು ಬೇಡುತ್ತದೆ?

ನೇತ್ರಾವತಿ:
ಹಳೆಪುಸ್ತಕದವರ ಮಾತಿನ ಹಿಂದೆ, ದುಃಖಾಂತ್ಯವು ಸತ್ಯಕ್ಕೆ ಹತ್ತಿರ ಮತ್ತು ಸುಖಾಂತ್ಯವು ಸತ್ಯದಿಂದ ದೂರ ಎಂಬ ಒಂದು ನಂಬಿಕೆ ಇರುವಂತೆ ತೋರುತ್ತದೆ. ಇದನ್ನು ನಾನು ಒಪ್ಪಲಾರೆ. ನಾನು ಮಂಗಳೂರಿನವಳಾದ್ದರಿಂದ ನನಗೆ ಮೊದಲು ನೆನಪಾಗುವುದು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ನಾವು ಹೇಳಿಕೊಂಡು ಬಂದಿರುವ ಈ ಕೃತಿ 1899ರಲ್ಲಿ ಮಂಗಳೂರಿನಲ್ಲಿಯೇ ಅಚ್ಚಾಯಿತು. ಚಿಕ್ಕ ವಯಸ್ಸಿನಲ್ಲಿ ವಿಧವೆಯಾದ ಹುಡುಗಿ ತವರಿನ ದಬ್ಬಾಳಿಕೆಯಿಂದ ತಪ್ಪಿಸಿಕೊಂಡು, ಅಮೃತರಾಯರ ಮನೆಯಲ್ಲಿ ಆಶ್ರಯ ಪಡೆದು, ವಿದ್ಯೆ ಕಲಿತು, ಕೊನೆಯಲ್ಲಿ ತಾನು ಮೆಚ್ಚಿದ ಭಾಸ್ಕರನನ್ನು ಮದುವೆಯಾಗುತ್ತಾಳೆ. ಸಂಜೆಮಲ್ಲಿಗೆಯವರು ವರ್ಣಿಸಿದ ಕಥೆಯ ಹಂದರವೂ ಇದೇ ಅಲ್ಲವೇ? ಸರಿಯಾದ ಹೊತ್ತಿಗೆ ತೆರೆದ ಒಂದು ಮನೆ, ಒಂದು ಹೊಸ ಕೆಲಸ, ಆಮೇಲೆ ಪ್ರೀತಿ.

ವಿಧವೆಯರ ಮರುಮದುವೆಗೆ ಕಾನೂನಿನ ಮಾನ್ಯತೆ ದೊರೆತದ್ದು 1856ರಲ್ಲಿ. ಅದಾದ 43 ವರ್ಷಗಳ ನಂತರವೂ ಅಂಥ ಮದುವೆಯನ್ನು ಕಾದಂಬರಿಯ ಮಂಗಳವಾಗಿ ಬರೆಯುವುದು ತನ್ನ ಸಮುದಾಯವನ್ನೇ ಎದುರು ಹಾಕಿಕೊಳ್ಳುವ ಕೆಲಸವಾಗಿತ್ತು. ಇಂದಿರೆಯು ಬಾವಿಗೆ ಹಾರಿ ಕಥೆ ಮುಗಿದಿದ್ದರೆ ಓದುಗರು ಕಣ್ಣೊರೆಸಿಕೊಂಡು ಪುಸ್ತಕವನ್ನು ಮಡಿಚಿಡುತ್ತಿದ್ದರು. ಅವಳು ಸುಖವಾಗಿ ಬಾಳಿದ್ದನ್ನು ಒಪ್ಪಿಕೊಳ್ಳುವುದು ಅವರಿಗೆ ಹೆಚ್ಚು ಕಷ್ಟವಾಗಿದ್ದಿರಬೇಕು.

ಹಳೆಪುಸ್ತಕ:
ನೇತ್ರಾವತಿಯವರೇ, ಇದನ್ನು ಒಪ್ಪುತ್ತೇನೆ. ಆದರೆ ಗುಲ್ವಾಡಿಯವರು ಆ ಮದುವೆಗೆ ಅಡ್ಡ ನಿಂತವರನ್ನೂ ಪೂರ್ತಿಯಾಗಿ ಬರೆದಿದ್ದಾರೆ. ತಂದೆ ತಾಯಿ, ಸಂತಮಂಡಳಿಯ ಕಪಟಿಗಳು, ಜಾತಿಯ ಮುಖಂಡರು ಎಲ್ಲರೂ ಅಲ್ಲಿದ್ದಾರೆ. ವಿರೋಧವನ್ನು ತೋರಿಸಿದ ಮೇಲೆ ಬರುವ ಸುಖಾಂತ್ಯ ಬೇರೆ, ವಿರೋಧವನ್ನೇ ಅಳಿಸಿ ಬರೆಯುವ ಸುಖಾಂತ್ಯ ಬೇರೆ. ನನ್ನ ತಕರಾರು ಎರಡನೆಯದರ ಮೇಲೆ ಮಾತ್ರ.

ತುಂಗಾತೀರ:
ಸಂಜೆಮಲ್ಲಿಗೆಯವರು ಗೆಳತಿಯರ ಬಗ್ಗೆ ಆಡಿದ ಮಾತು ಚರ್ಚೆಯ ಬಿರುಸಿನಲ್ಲಿ ಬದಿಗೆ ಸರಿಯಿತು. ನನಗೆ ಅದೇ ಮುಖ್ಯವೆಂದು ತೋರುತ್ತದೆ. ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಸಂಸ್ಕೃತ ಕಲಿಸಿದವನಾಗಿ ಒಂದು ಉದಾಹರಣೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅನುಮತಿ ಕೋರುತ್ತೇನೆ.

ಕಾಳಿದಾಸನ ಶಾಕುಂತಲವು ಪ್ರೇಮ, ಅಗಲಿಕೆ ಮತ್ತು ಮರುಕೂಡಿಕೆಯ ನಾಟಕ. ಅದು ಸುಖಾಂತ್ಯವಾದದ್ದು ಹೇಗೆಂದು ವಿದ್ಯಾರ್ಥಿಗಳನ್ನು ಕೇಳಿದರೆ, ಬೆಸ್ತನಿಗೆ ಮೀನಿನ ಹೊಟ್ಟೆಯಲ್ಲಿ ಉಂಗುರ ಸಿಕ್ಕಿದ್ದರಿಂದ ಎನ್ನುತ್ತಾರೆ. ಆದರೆ ಆ ಉಂಗುರಕ್ಕೆ ಶಾಪವನ್ನು ಕಳೆಯುವ ಶಕ್ತಿ ಬಂದದ್ದು ಎಲ್ಲಿಂದ? ನಾಲ್ಕನೆಯ ಅಂಕದ ಆರಂಭದಲ್ಲಿ ದೂರ್ವಾಸರು ಶಪಿಸಿ ಬಿರಬಿರನೆ ಹೊರಟಾಗ, ದುಷ್ಯಂತನ ಯೋಚನೆಯಲ್ಲಿ ಮುಳುಗಿದ್ದ ಶಕುಂತಲೆಗೆ ಅದು ಕೇಳಿಸುವುದೂ ಇಲ್ಲ. ಹಿಂದೆ ಓಡಿಹೋಗಿ, ಕಾಲಿಗೆ ಬಿದ್ದು, ಗುರುತಿನ ಆಭರಣವನ್ನು ಕಂಡರೆ ಶಾಪ ನೀಗುವುದೆಂಬ ಮಾತನ್ನು ಆ ಮುಂಗೋಪಿಯಿಂದ ಪಡೆದು ತರುವವಳು ಪ್ರಿಯಂವದೆ. ಏಳನೆಯ ಅಂಕದ ಸಂತೋಷಕ್ಕೆ ಬಾಗಿಲು ತೆರೆದವಳು ಅವಳು, ಅಂದರೆ ಒಬ್ಬ ಗೆಳತಿ. ಅಷ್ಟಾದರೂ ಏಳನೆಯ ಅಂಕದಲ್ಲಿ ಅವಳಾಗಲಿ ಅನಸೂಯೆಯಾಗಲಿ ಕಾಣಿಸುವುದಿಲ್ಲ; ನಾಲ್ಕನೆಯ ಅಂಕದಲ್ಲಿ ಆಶ್ರಮದ ಅಂಚಿನವರೆಗೆ ಬಂದು ಬೀಳ್ಕೊಟ್ಟವರನ್ನು ಕವಿ ಮತ್ತೆ ಕರೆಯಲಿಲ್ಲ. ಪಾಠ ಮಾಡಿದ ಪ್ರತಿ ವರ್ಷವೂ ಇದು ನನ್ನನ್ನು ನೋಯಿಸಿದೆ. ಸಂಜೆಮಲ್ಲಿಗೆಯವರು ಓದುವ ಕಾದಂಬರಿಗಳು ಬೇರೇನನ್ನು ಮಾಡದಿದ್ದರೂ, ಪ್ರಿಯಂವದೆಯನ್ನು ಕೊನೆಯ ಅಂಕದವರೆಗೂ ಉಳಿಸಿಕೊಳ್ಳುತ್ತವೆ.

ನೇತ್ರಾವತಿ:
ಬಹಳ ಒಳ್ಳೆಯ ಉದಾಹರಣೆ. ಆದರೆ ಗುರುಗಳೇ, ಅದೇ ಗೆಳತಿಯರು ಶಾಪದ ಸಂಗತಿಯನ್ನು ಶಕುಂತಲೆಯಿಂದ ಮುಚ್ಚಿಟ್ಟರಲ್ಲವೇ? ಮಲ್ಲಿಗೆಯ ಬಳ್ಳಿಗೆ ಬಿಸಿನೀರನ್ನು ಎರೆಯುವವರು ಯಾರು ಎಂದು ಪ್ರಿಯಂವದೆಯೇ ಕೇಳುತ್ತಾಳೆ. ನಿಜವನ್ನು ತಿಳಿಸಿದ್ದರೆ ಶಕುಂತಲೆ ಆ ಉಂಗುರವನ್ನು ಕಣ್ಣಿನಂತೆ ಕಾಯುತ್ತಿದ್ದಳು. ಗೆಳೆತನವು ಕಾಪಾಡಿದ್ದೂ ಉಂಟು, ಕೆಡಿಸಿದ್ದೂ ಉಂಟು.

ತುಂಗಾತೀರ:
ನಿಜ. ಬೀಳ್ಕೊಡುವಾಗ, ರಾಜನಿಗೆ ಗುರುತು ಹತ್ತದಿದ್ದರೆ ಉಂಗುರವನ್ನು ತೋರಿಸು ಎಂದಷ್ಟೇ ಹೇಳುತ್ತಾರೆ, ಏಕೆ ಹಾಗೆ ಹೇಳುತ್ತಿದ್ದೇವೆ ಎಂಬುದನ್ನು ಹೇಳುವುದಿಲ್ಲ. ಆ ಮಾತಿಗೇ ಅವಳು ನಡುಗುತ್ತಾಳೆ. ಪ್ರೀತಿಯಿಂದಲೇ ಆದ ತಪ್ಪು ಅದು, ಮತ್ತು ಹಾಗಾಗಿಯೇ ಅದನ್ನು ಮರೆಯಲಾಗುವುದಿಲ್ಲ.

ಓದುಮನೆ:
ಈ ಮಾತಿಗೆ ಜೇನ್ ಆಸ್ಟಿನ್ ಅವರ ‘ಪರ್ಸುಯೇಷನ್’ ಕಾದಂಬರಿಯನ್ನು ಸೇರಿಸಬೇಕೆನ್ನಿಸುತ್ತದೆ. 1817ರ ಕೊನೆಯಲ್ಲಿ, ಲೇಖಕಿ ತೀರಿಕೊಂಡ ಕೆಲವು ತಿಂಗಳ ನಂತರ ಪ್ರಕಟವಾದ ಈ ಕೃತಿಯ ನಾಯಕಿ ಆನ್ ಎಲಿಯಟ್‌ಗೆ 27 ವರ್ಷ. ಆ ಕಾಲದ ಲೆಕ್ಕದಲ್ಲಿ ಮದುವೆಯ ವಯಸ್ಸು ಮೀರುತ್ತಿರುವವಳು. ಎಂಟು ವರ್ಷ ಹಿಂದೆ, ಆಸ್ತಿಯಿಲ್ಲದ ನೌಕಾಪಡೆಯ ಯುವಕನೊಂದಿಗಿನ ನಿಶ್ಚಯವನ್ನು ಅವಳು ಮುರಿದದ್ದು ತೀರಿಹೋದ ತಾಯಿಯ ಗೆಳತಿ ಲೇಡಿ ರಸೆಲ್ ಅವರ ಮಾತನ್ನು ಕೇಳಿ. ಹಿತವನ್ನೇ ಬಯಸಿದ ಗೆಳತಿಯೊಬ್ಬಳು ಅಲ್ಲಿ ದಾರಿ ತಪ್ಪಿಸುತ್ತಾಳೆ.

ಆದರೆ ಅದೇ ಕಾದಂಬರಿಯಲ್ಲಿ ಇನ್ನೊಬ್ಬ ಗೆಳತಿ ಇದ್ದಾಳೆ. ಶಾಲೆಯ ದಿನಗಳ ಒಡನಾಡಿ, ಈಗ ಬಡ ವಿಧವೆ, ಕಾಲಿನ ಸ್ವಾಧೀನ ಕಳೆದುಕೊಂಡು ಬಾತ್ ಪಟ್ಟಣದ ಎರಡು ಕೋಣೆಗಳಲ್ಲಿ ವಾಸವಾಗಿರುವ ಶ್ರೀಮತಿ ಸ್ಮಿತ್. ಅಂತಸ್ತಿಗೆ ಕುಂದೆಂದು ತಂದೆ ಹಂಗಿಸಿದರೂ ಆನ್ ಅವಳನ್ನು ಕಾಣಲು ಹೋಗುವುದನ್ನು ನಿಲ್ಲಿಸುವುದಿಲ್ಲ. ಕಾದಂಬರಿಯ ಕೊನೆಯಲ್ಲಿ ಆನ್‌ಳ ಗಂಡ ಈ ವಿಧವೆಗೆ ಸೇರಬೇಕಾಗಿದ್ದ ವೆಸ್ಟ್ ಇಂಡೀಸಿನ ಆಸ್ತಿಯನ್ನು ದೊರಕಿಸಿಕೊಡಲು ಕಾಗದಪತ್ರ ಬರೆಯುತ್ತಾನೆ, ಓಡಾಡುತ್ತಾನೆ. ಹಳೆಪುಸ್ತಕದವರು ಬಯಸಿದ ಹಣಕಾಸಿನ ವಾಸ್ತವವೂ ಇಲ್ಲಿದೆ, ಸಂಜೆಮಲ್ಲಿಗೆಯವರು ಬಯಸಿದ ಗೆಳತಿಯೂ ಕೊನೆಯ ಪುಟದವರೆಗೆ ಇದ್ದಾಳೆ, ಹಾಗಿದ್ದೂ ಅದು ಎಲ್ಲರಿಗೂ ಮೊದಲೇ ಗೊತ್ತಿರುವ ಸುಖಾಂತ್ಯದ ಪ್ರೇಮಕಥೆಯೇ. ಪ್ರಕಾರದಲ್ಲಿ ದೋಷವಿಲ್ಲ, ಬರೆಯುವ ಕೈಯಲ್ಲಿ ಇರಬಹುದು ಎಂದು ಹೇಳಲು ಈ ಒಂದು ಪುಸ್ತಕ ಸಾಕು.

ಕೊನೆ ಮೊದಲೇ ಗೊತ್ತಿರುವುದರ ಬಗ್ಗೆ ಒಂದು ಮಾತು. ಜಾನಿಸ್ ರಾಡ್ವೇ ಎಂಬ ವಿದ್ವಾಂಸೆ ಅಮೆರಿಕದ ಒಂದು ಪಟ್ಟಣದ ಪ್ರಣಯ ಕಾದಂಬರಿಗಳ ಓದುಗಿಯರನ್ನು ಮಾತನಾಡಿಸಿ 1984ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅವರಲ್ಲಿ ಕೆಲವರು ಪುಸ್ತಕ ಕೊಳ್ಳುವ ಮೊದಲೇ ಕೊನೆಯ ಪುಟಗಳನ್ನು ನೋಡಿ ಸುಖಾಂತ್ಯವೆಂದು ಖಚಿತಪಡಿಸಿಕೊಳ್ಳುತ್ತಿದ್ದರು. ಗಂಡ ಮಕ್ಕಳ ಆರೈಕೆಯ ನಡುವೆ, ಓದುವ ಆ ಹೊತ್ತು ತಮ್ಮ ಪಾಲಿನದು ಎಂದೂ ಅವರು ಹೇಳಿದರು. ಆ ನೆಮ್ಮದಿಯು ಮನೆಯೊಳಗಿನ ಅಸಮಾನತೆಯನ್ನು ಇದ್ದಂತೆಯೇ ಉಳಿಸಿಬಿಡಬಹುದೆಂಬ ಆತಂಕವನ್ನೂ ರಾಡ್ವೇ ಬರೆದಿದ್ದಾರೆ. ಅದನ್ನು ಮರೆಮಾಚುವುದು ನ್ಯಾಯವಲ್ಲ.

ಹಳೆಪುಸ್ತಕ:
ಆ ಆತಂಕವೇ ನನ್ನದೂ. ಶ್ರೀಮತಿ ಸ್ಮಿತ್ ಅವರ ಅಧ್ಯಾಯವನ್ನು ಮಾತ್ರ ನಾನು ಅವಸರದಲ್ಲಿ ಓದಿದ್ದೆನೆಂದು ಈಗ ತಿಳಿಯುತ್ತಿದೆ, ಮತ್ತೆ ಓದುತ್ತೇನೆ.

ಸಂಜೆಮಲ್ಲಿಗೆ:
ಎಲ್ಲರಿಗೂ ಕೃತಜ್ಞತೆಗಳು. ನನ್ನ ಅನುಭವದ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಸಹೋದ್ಯೋಗಿಯಾಗಿದ್ದ ಗೆಳತಿಯೊಬ್ಬಳು ಗಂಡ ತೀರಿಕೊಂಡ ಒಂಬತ್ತು ವರ್ಷಗಳ ನಂತರ, ತನ್ನ ಅರವತ್ತೊಂದನೆಯ ವಯಸ್ಸಿನಲ್ಲಿ, 1954ರ ವಿಶೇಷ ವಿವಾಹ ಕಾಯ್ದೆಯ ಪ್ರಕಾರ ಮರುಮದುವೆಯಾದಳು. ಆ ಕಾಯ್ದೆಯಂತೆ ಮೊದಲು ಮದುವೆಯ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಾರೆ, ಆಕ್ಷೇಪಣೆ ಸಲ್ಲಿಸಲು 30 ದಿನಗಳ ಅವಕಾಶವಿರುತ್ತದೆ, ಆಮೇಲೆ ಮೂವರು ಸಾಕ್ಷಿಗಳು ರುಜು ಹಾಕಬೇಕು. ಆ ಮೂವತ್ತು ದಿನವೂ ಅವಳು ರಾತ್ರಿ ಊಟವಾದ ಮೇಲೆ ನನಗೆ ಫೋನ್ ಮಾಡುತ್ತಿದ್ದಳು. ಮಗ ಮಾತು ಬಿಟ್ಟಿದ್ದ. ನೋಟಿಸು ಪತ್ರದಲ್ಲಿ ತನ್ನ ಹೆಸರಿನ ಮುಂದೆ ವಯಸ್ಸನ್ನು ಬರೆದಿರುವುದನ್ನು ಯಾರಾದರೂ ನಿಂತು ಓದುತ್ತಿರಬಹುದೆಂದು ಅವಳಿಗೆ ಸಂಕೋಚವಾಗುತ್ತಿತ್ತು. ಎಷ್ಟೋ ರಾತ್ರಿ ನನಗೆ ಹೇಳಲು ಏನೂ ತೋಚದೆ, ಆ ದಿನ ಓದುತ್ತಿದ್ದ ಕಾದಂಬರಿಯ ಎರಡು ಮೂರು ಪುಟಗಳನ್ನು ಫೋನಿನಲ್ಲಿಯೇ ಓದಿ ಹೇಳುತ್ತಿದ್ದೆ. ಅವು ಇಂಥ ಕಾದಂಬರಿಗಳೇ ಆಗಿದ್ದವು. ರುಜು ಹಾಕಿದ ಮೂವರಲ್ಲಿ ನಾನೊಬ್ಬಳು, ಉಳಿದಿಬ್ಬರೂ ನಮ್ಮ ಕಚೇರಿಯ ಹಳೆಯ ಗೆಳತಿಯರೇ.

ಹಳೆಪುಸ್ತಕದವರು ಹೇಳುವಂತೆ ನಾನು ಓದಿದ ಕಾದಂಬರಿಗಳಲ್ಲಿ ಆ ನೋಟಿಸು ಪತ್ರ ಇರಲಿಲ್ಲ, ಮಗನ ಮೌನವೂ ಇರಲಿಲ್ಲ. ಆ ಲೋಪವನ್ನು ನಾನು ಒಪ್ಪುತ್ತೇನೆ. ಆದರೆ ಆ ಮೂವತ್ತು ರಾತ್ರಿಗಳಲ್ಲಿ ಅವಳ ಮುಂದೆ ‘ಶರಪಂಜರ’ವನ್ನು ಓದಲು ನನ್ನಿಂದ ಆಗುತ್ತಿರಲಿಲ್ಲ.

ಹಳೆಪುಸ್ತಕ:
ನಾನಾಗಿದ್ದರೂ ಓದುತ್ತಿರಲಿಲ್ಲ. ಆ ಮೂವತ್ತು ದಿನಗಳನ್ನು ನೋಟಿಸು ಪತ್ರದ ಸಮೇತ, ಮಗನ ಮೌನದ ಸಮೇತ ಯಾರಾದರೂ ಕನ್ನಡದಲ್ಲಿ ಕಾದಂಬರಿಯಾಗಿ ಬರೆದರೆ, ಅದು ಸುಖಾಂತ್ಯವೆಂದು ಮುಖಪುಟದಲ್ಲಿಯೇ ಅಚ್ಚು ಹಾಕಿದ್ದರೂ ನಾನು ಕೊಂಡು ಓದುತ್ತೇನೆ. ಮಗ ಈಗ ಮಾತನಾಡುತ್ತಿದ್ದಾನೆಯೇ?

ಸಂಜೆಮಲ್ಲಿಗೆ:
ಯುಗಾದಿಗೆ ಬಂದು ಹೋದನಂತೆ. ಒಬ್ಬನೇ ಬಂದಿದ್ದ, ಊಟಕ್ಕೆ ನಿಂತ.